ಅವ್ವ ತೊಳೆದ ಬಲೆ

ಹೋದ ತಿಂಗಳು ನಾದಿನಿಯ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಈಚೆಗೆ ಗಿಡಮರಗಳ ಬಣ್ಣದ ಹುಚ್ಚು ಹಿಡಿದಿದೆ. ಅಡುಗೆಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು, ಪಕ್ಕದ ಬಕೆಟ್ಟಿನಲ್ಲಿ ಹತ್ತಿಯ ದುಪಟ್ಟಾಗಳು ನೆನೆಯುತ್ತಿದ್ದವು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ವಾಸನೆಗೆ ಬೇಜಾರು ಮಾಡ್ಕೋಬೇಡಿ ಅತ್ತೆ, ಜಾಲಿ ತೊಗಟೆ. ಚರ್ಮದ ಅಂಗಡಿ ಥರ ನಾರತ್ತೆ," ಅಂದಳು ಹುಡುಗಿ.

"ಇಲ್ಲಮ್ಮಾ, ನಮ್ಮವ್ವನ ಮನೆ ಬಚ್ಚಲಿನ ಥರ ಇದೆ," ಅಂದೆ.

ಅವಳು ನಕ್ಕಳು. ನಮ್ಮವ್ವನ ಮಡಿವಂತಿಕೆಯ ಕಥೆಗಳನ್ನು ಅವಳೂ ಸಾಕಷ್ಟು ಕೇಳಿದ್ದಾಳೆ. ಅಂಥವಳ ಬಚ್ಚಲಿಗೆ ಈ ವಾಸನೆ ಎಲ್ಲಿಂದ ಬರಬೇಕು? ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು. ನಾನೂ ಹೆಚ್ಚು ಹೇಳಲು ಹೋಗಲಿಲ್ಲ. ಹೇಳಬೇಕೆಂದರೆ ಮದ್ರಾಸಿನ ಒಂದು ಇಡೀ ಬೇಸಿಗೆಯನ್ನು ಹೇಳಬೇಕು, ಹುಡುಗಿಯ ಪಾತ್ರೆ ಆಗಲೇ ಉಕ್ಕುವುದರಲ್ಲಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು, ಮದ್ರಾಸಿನ ಕಡಲಂಚಿನ ರಾಯಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾವು ಗದಗಿನ ಕಡೆಯ ಕ್ರೈಸ್ತರು. ಹತ್ತಿರದಲ್ಲಿ ಕನ್ನಡದ ಆರಾಧನೆ ಇಲ್ಲದ್ದರಿಂದ ತಮಿಳು ಚರ್ಚಿಗೆ ಹೋಗುತ್ತಿದ್ದೆವು. ನಾನು, ತಂಗಿ ಇಬ್ಬರೂ ತಮಿಳಿನಲ್ಲೇ ಜಗಳವಾಡುವಷ್ಟು ಪಳಗಿದ್ದೆವು. ಅವ್ವನಿಗೆ ಮಾತ್ರ ಹದಿನೆಂಟು ವರ್ಷವಾದರೂ ಆ ಭಾಷೆ ಹತ್ತಿರಲಿಲ್ಲ, ಗದಗಿನ ಕನ್ನಡಕ್ಕೇ ತಮಿಳಿನ ಬಾಲ ಅಂಟಿಸಿ ಕೆಲಸ ಸಾಗಿಸುತ್ತಿದ್ದಳು. ನನಗಾಗ ಇಪ್ಪತ್ತಮೂರು. ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟು.

ಪ್ರತಿ ಮೇ ತಿಂಗಳು ಚರ್ಚಿನ ಹಿಂದಿನ ಶಾಲೆಯಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತಿತ್ತು. ಹತ್ತು ದಿನ, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ. ಆ ವರ್ಷ ಕಲಿಸುವವರು ಸಾಲದೆ ಪಾದ್ರಿಗಳು ಮನೆಗೇ ಬಂದು ಕೇಳಿದರು. ನಾನು ವರ್ಷವಿಡೀ ಕೂಡಿಟ್ಟ ರಜೆಯನ್ನು ಅದಕ್ಕೆ ಕೊಟ್ಟೆ. ಅವ್ವನಿಗೆ ಸಿಟ್ಟು ಬಂತು.

"ಊರಿಗೆ ಹೋಗೂಣು ಅಂತ ನಾ ಆರ ತಿಂಗಳಿಂದ ಬಡಕೊಳ್ಳಾಕತ್ತೀನಿ. ನೀ ನೋಡಿದ್ರ ಸೂಟಿ ಎಲ್ಲಾ ಆ ಮೀನಗಾರ ಹುಡುಗರಿಗೆ ಬರದಕೊಟ್ಟಿ," ಅಂದಳು. ಸಿಟ್ಟಿನಲ್ಲೇ ಮಾರನೆಯ ದಿನ ನನ್ನ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಳು.

ಶಿಬಿರವೆಂದರೆ ಹಾಡು, ಕಥೆ, ಕೈಕೆಲಸ ಎಂದು ನಾನು ತಿಳಿದಿದ್ದೆ. ನಿಜವಾಗಿ ಮಾಡಿದ್ದು ಡ್ರಮ್ಮಿಗೆ ನೀರು ತುಂಬಿದ್ದು, ಮೂಗು ಒರೆಸಿದ್ದು, ಕಳೆದ ಚಪ್ಪಲಿ ಹುಡುಕಿದ್ದು, ಜುಟ್ಟು ಹಿಡಿದವರನ್ನು ಬಿಡಿಸಿದ್ದು. ಸಿಮೆಂಟ್ ಶೀಟಿನ ಚಾವಣಿ ಹತ್ತು ಗಂಟೆಗೇ ಕಾದು ಬಾಣಲೆಯಾಗುತ್ತಿತ್ತು. ಹಾಡು ಹೇಳಿಕೊಡುವಾಗ ಬೆವರು ಮೊಣಕೈಯಿಂದ ತೊಟ್ಟಿಕ್ಕಿ ಹಾಡಿನ ಪುಸ್ತಕದ ಮೇಲೆ ಬೀಳುತ್ತಿತ್ತು. ಸಮುದ್ರದ ಗಾಳಿ ಬರುವುದು ಮಧ್ಯಾಹ್ನದ ಮೇಲೆ, ಮಕ್ಕಳು ಮನೆಗೆ ಹೋಗುವ ಹೊತ್ತಿಗೆ. ಬಂದವರಲ್ಲಿ ಹೆಚ್ಚಿನವರು ಮೀನುಗಾರರ ಕೇರಿಯವರು. ಅವರ ಹಿರಿಯರೆಲ್ಲ ಬೇರೆ ಚರ್ಚಿಗೆ ಸೇರಿದವರು, ಆದರೆ ಮಕ್ಕಳಿಗೆ ಆ ಭೇದವೇನೂ ಇರಲಿಲ್ಲ. ಕಥೆಗೆ ಬರುತ್ತಿದ್ದರೋ ಕಥೆಯಾದ ಮೇಲಿನ ಸಾಂಬಾರನ್ನ ಮತ್ತು ಮೊಟ್ಟೆಗೆ ಬರುತ್ತಿದ್ದರೋ ಎಂದು ನಾನು ಕೇಳಲಿಲ್ಲ. ಬಂದರಲ್ಲ, ಅದೇ ದೊಡ್ಡದು.

ನನ್ನ ಗುಂಪಿನಲ್ಲಿ ಸ್ಟೆಲ್ಲಾ ಎಂಬ ಹತ್ತು ವರ್ಷದ ಹುಡುಗಿಯಿದ್ದಳು. ಸಣಕಲು ಮೈ, ದೊಡ್ಡ ಬಾಯಿ. ಕೊನೆಯ ದಿನ ತಂದೆತಾಯಿಗಳ ಮುಂದೆ ಒಂದು ನಾಟಕ ಆಡಬೇಕಿತ್ತು. ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿ ಬಂದ ಬೆಸ್ತರು ಇನ್ನೊಮ್ಮೆ ಬೀಸಿದಾಗ ಬಲೆ ಹರಿಯುವಷ್ಟು ಮೀನು ಸಿಕ್ಕ ಕಥೆ. ನಾನು ರಟ್ಟಿನಲ್ಲಿ ಐವತ್ತು ಮೀನು ಕತ್ತರಿಸಿ ಬಣ್ಣ ಹಚ್ಚಿದೆ. ಸ್ಟೆಲ್ಲಾ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಟೀಚರಕ್ಕಾ, ಮೀನಿಗೆ ಕಣ್ಣಿನ ರೆಪ್ಪೆ ಇರಲ್ಲ," ಅಂದಳು.

ಅವಳು ಆಡಿದ್ದು ತಮಿಳಿನಲ್ಲಿ. ಇಲ್ಲಿ ಬರುವ ಆ ಕೇರಿಯವರ ಮಾತೆಲ್ಲ ತಮಿಳೇ, ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆವತ್ತು ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಮ್ಮ ಮನೆಯಲ್ಲಿ ಕುರಿ, ಕೋಳಿ ನಡೆಯುತ್ತಿತ್ತು, ಮೀನು ಹೊಸಿಲು ದಾಟಿರಲಿಲ್ಲ. ಅದರ ವಾಸನೆ ಅವ್ವನಿಗೆ ಆಗದು. ಕಣ್ಣಿದ್ದ ಮೇಲೆ ರೆಪ್ಪೆ ಇರಬೇಕೆಂದು ನಾನೇ ಲೆಕ್ಕ ಹಾಕಿದ್ದೆ. ಬಲೆಗೆಂದು ನಾನು ತಂದಿದ್ದ ಸೊಳ್ಳೆಪರದೆಯನ್ನಂತೂ ಅವರು ಮುಟ್ಟಲೂ ಇಲ್ಲ. "ನಮ್ಮ ತಾತನ ಬಲೆ ತರ್ತೀನಿ," ಎಂದಳು ಸ್ಟೆಲ್ಲಾ.

ಮಾರನೆಯ ದಿನ ತಾತ ತಾವೇ ಬಂದರು. ಹೆಸರು ಸೂಸೈ. ಅರವತ್ತೈದು ದಾಟಿರಬಹುದು, ಒಂದು ಕಣ್ಣಿನಲ್ಲಿ ಬಿಳಿ ಪೊರೆ. ಭುಜದ ಮೇಲೆ ಬೀಸುಬಲೆ, ಒಬ್ಬರೇ ನಿಂತು ಬೀಸುವಂಥದು, ಅಂಚಿನಲ್ಲಿ ಸೀಸದ ಗುಂಡುಗಳ ಸಾಲು. ಕೇರಿಯಲ್ಲೆಲ್ಲ ನೈಲಾನ್ ಬಂದಾಗಿತ್ತು, ಅವರದು ಹತ್ತಿಯ ದಾರದ್ದು, ಅವರ ಅಪ್ಪ ಹೆಣೆದದ್ದು. ಕಂದು ಬಣ್ಣಕ್ಕೆ ತಿರುಗಿತ್ತು. ಮೀನು, ಉಪ್ಪು, ಇನ್ನೂ ಏನೋ ಒಗರು ಸೇರಿದ ವಾಸನೆ ಇಡೀ ಕೋಣೆಯನ್ನು ತುಂಬಿತು.

"ಇರೋ ಹಾಗೇ ವಾಪಸ್ ಕೊಡಿ ಟೀಚರಮ್ಮಾ, ಅಷ್ಟು ಸಾಕು," ಎಂದು ಬಲೆಯನ್ನು ಬೆಂಚಿನ ಮೇಲಿಟ್ಟು ಹೋದರು.

ನಾಟಕ ಚೆನ್ನಾಗಿಯೇ ಆಯಿತು. ಸ್ಟೆಲ್ಲಾ ಬಲೆಯನ್ನು ಮೊಣಕೈಗೆ ಹಾಕಿ, ಒಂದಂಚನ್ನು ಹಲ್ಲಿನಲ್ಲಿ ಕಚ್ಚಿ, ಮೈ ತಿರುಗಿಸಿ ಬೀಸಿದಾಗ ಅದು ವೇದಿಕೆಯ ಮೇಲೆ ದುಂಡಗೆ ಬಿಚ್ಚಿ ಬಿತ್ತು. ಹಿಂದೆ ಕೂತಿದ್ದ ಗಂಡಸರೆಲ್ಲ ಒಟ್ಟಿಗೆ ಸಿಳ್ಳೆ ಹಾಕಿದರು. ಪಾದ್ರಿಗಳ ಮುಖ ನೋಡಬೇಕಿತ್ತು. ರೆಪ್ಪೆಯಿದ್ದ ಮೀನುಗಳಿಂದ ಬಲೆ ತುಂಬಿತು. ಅವ್ವ ಮೊದಲ ಸಾಲಿನಲ್ಲಿ ಸೆರಗಿನಿಂದ ಮೂಗು ಮುಚ್ಚಿ ಕೂತಿದ್ದಳು.

ಬಲೆಯನ್ನು ಭಾನುವಾರ ಆರಾಧನೆಯ ನಂತರ ಕೊಡುತ್ತೇನೆಂದು ನಾನು ಮನೆಗೆ ತಂದೆ. ಎಡವಿದ್ದು ಅಲ್ಲಿ.

ಅವ್ವನ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಇನ್ನೊಬ್ಬರಿಂದ ತಂದ ವಸ್ತುವನ್ನು ತೊಳೆಯದೆ ಕೊಡಬಾರದು, ಬರಿದಾಗಿ ಕೊಡಬಾರದು. ಪಕ್ಕದ ಮನೆಯ ಬಟ್ಟಲು ಹಿಂದಿರುಗುವಾಗ ಬೆಳ್ಳಗೆ ಹೊಳೆಯುತ್ತಾ, ಒಳಗೊಂದು ಚಮಚ ಸಕ್ಕರೆಯನ್ನೋ ಒಂದು ತುಂಡು ಬೆಲ್ಲವನ್ನೋ ಹೊತ್ತುಕೊಂಡು ಹೋಗುತ್ತಿತ್ತು. ಬಟ್ಟಲಿಗಿದ್ದ ಕಟ್ಟಳೆ ಬಲೆಗೆ ಯಾಕಿರಬಾರದು?

"ಎಷ್ಟ ವರ್ಷದ ಹೊಲಸೋ ಏನೋ! ಇದನ್ನ ಹಿಂಗ ತಿರುಗಿ ಕೊಟ್ರ ಮಂದಿ ಏನಂದಾರು? ಟೀಚರಮ್ಮನ ಮನಿಯಾಗ ನೀರಿಲ್ಲೇನ ಅಂದಾರು," ಎಂದು ಶನಿವಾರ ಬೆಳಗ್ಗೆ ಸೆರಗು ಸಿಕ್ಕಿಸಿದಳು.

ನಾನು ತಡೆಯಲಿಲ್ಲ. ಪೂರಾ ಸತ್ಯ ಹೇಳಬೇಕೆಂದರೆ ನೀರು ತುಂಬಿಕೊಟ್ಟವಳು ನಾನೇ. ತಾಮ್ರದ ಹಂಡೆಯಲ್ಲಿ ನೀರು ಮರಳಿಸಿ, ಸೋಡ ಕಲಸಿ, ಬಲೆಯನ್ನು ಮುಳುಗಿಸಿದೆವು. ಕಲ್ಲಿಗೆ ಬಡಿದರೆ ದಾರ ಕಿತ್ತೀತೆಂದು ಅವ್ವ ಮಗುವಿಗೆ ಎರೆದಂತೆ ಕೈಯಲ್ಲೇ ಹಿಚುಕಿ ಹಿಚುಕಿ ತೊಳೆದಳು. ಬಕೆಟ್ಟಿನ ಮೇಲೆ ಬಕೆಟ್ಟು ಕಂದು ನೀರು ಹೋಯಿತು. ಹೋದಷ್ಟೂ ಅವಳಿಗೆ ಹುರುಪು. ಆಮೇಲೆ ಅಂಟುವಾಳ ಕಾಯಿ. ಕೊನೆಗೆ, ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲಿ ಒಂದು ಅದ್ದು. ಮಧ್ಯಾಹ್ನ ತಾರಸಿಯಲ್ಲಿ ಒಣಗುತ್ತಿದ್ದ ಆ ಬಲೆ ಭಾನುವಾರದ ಸೀರೆಯಷ್ಟು ಬೆಳ್ಳಗಿತ್ತು. ಅಪ್ಪ ಬಂದು ನೋಡಿ, "ನಿಮ್ಮವ್ವ ಇನ್ನೊಂದೀಟು ಬಿಟ್ರ ಸಮುದ್ರಾನೂ ಒಗದು ಒಣಾ ಹಾಕ್ತಾಳ," ಅಂದರು. ನಾವು ಮೂವರೂ ನಕ್ಕೆವು.

ಭಾನುವಾರ ಅವ್ವ ತಾನೇ ಹೊತ್ತುಕೊಂಡು ಬಂದಳು. ಬಲೆಯ ನಡುವೆ ಕಾಗದದಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲ. ಕೇರಿಯಲ್ಲಿ ಮರಳಿನ ಮೇಲೆಲ್ಲ ನೀಲಿ, ಹಸಿರು ನೈಲಾನ್ ಬಲೆಗಳು ಹರಡಿದ್ದವು. ಸೂಸೈ ತಾತ ಗುಡಿಸಲಿನ ಮುಂದೆ ಕೂತಿದ್ದರು. ಬರಿದಾಗಿ ಕೊಡಬಾರದು ಎಂದು ತನಗೆ ಬಂದ ತಮಿಳಿನಲ್ಲಿ ಹೇಳುತ್ತಾ ಅವ್ವ ಎರಡೂ ಕೈಯಲ್ಲಿ ಬಲೆಯನ್ನು ಚಾಚಿದಳು. ಪಕ್ಕದಲ್ಲಿ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಅವ್ವ ಅದನ್ನು ಮೆಚ್ಚುಗೆ ಎಂದೇ ತಿಳಿದಳು.

ತಾತ ಬೆಲ್ಲವನ್ನು ಪಕ್ಕಕ್ಕಿಟ್ಟು ಬಲೆಯನ್ನು ಮೊಣಕಾಲ ಮೇಲೆ ಬಿಡಿಸಿದರು. ಮೂಸಿ ನೋಡಿದರು. ಆಮೇಲೆ ಒಂದು ದಾರವನ್ನು ನಾಲಿಗೆಗೆ ಹಚ್ಚಿ ಚೀಪಿದರು. ಏನು ಹಾಕಿ ತೊಳೆದಿರಿ ಎಂದು ಕೇಳಿದರು. ಅವ್ವ ತನ್ನ ತಮಿಳಿನಲ್ಲಿ ಸೋಡ, ಅಂಟುವಾಳ, ನೀಲಿ ಎಂದು ಒಂದೊಂದೇ ಹೇಳಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಒಳ್ಳೆ ಕೈ ಅಮ್ಮಾ ನಿಮ್ಮದು. ಬಹಳ ಶುದ್ಧ ಮಾಡಿದ್ದೀರಿ," ಅಂದರು.

"ತಾತಾ, ಯಾಕೆ ಸುಳ್ಳು ಹೇಳ್ತೀಯ?" ಎಂದು ಸ್ಟೆಲ್ಲಾ ಬಾಗಿಲಲ್ಲಿ ಕಿರುಚಿದಳು. ಅವಳ ಕಣ್ಣಲ್ಲಿ ನೀರಿತ್ತು. "ಅಕ್ಕಾ, ಅದು ಹೊಲಸಲ್ಲ. ಅದು ಜಾಲಿ ಮರದ ತೊಗಟೆ ರಸ. ಕುದಿಸಿ ಕುದಿಸಿ ಕುಡಿಸಿದ್ದು. ಅದಿಲ್ಲದೆ ಹತ್ತಿ ದಾರ ಉಪ್ಪುನೀರಲ್ಲಿ ನಿಲ್ಲಲ್ಲ. ಹದಿನೈದು ದಿನಕ್ಕೆ ಕೊಳೆತು ಲಡ್ಡಾಗಿ ಹೋಗತ್ತೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವ್ವನಿಗೆ ಮಾತು ಪೂರ್ತಿ ತಿಳಿಯಲಿಲ್ಲ. "ಏನಂತವಾ? ಏನಂತಾಳ ಆಕಿ?" ಎಂದು ನನ್ನ ತೋಳು ಜಗ್ಗಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳ ಕೈ ತೋಳಿನಿಂದ ಜಾರಿತು.

ಮಿಕ್ಕಿದ್ದನ್ನು ತಾತ ನಿಧಾನವಾಗಿ ಹೇಳಿದರು. ಕೇರಿಗೆಲ್ಲ ಒಂದೇ ದೊಡ್ಡ ತೊಟ್ಟಿಯಿತ್ತಂತೆ, ತೊಗಟೆ ಕುದಿಸಲು. ನೈಲಾನ್ ಬಂದ ಮೇಲೆ ಅದು ಹೋಯಿತು. ಇವರ ಬಲೆ ಹಳೆಯ ರಸದ ಬಲದಲ್ಲೇ ನಡೆಯುತ್ತಿತ್ತು. ಹೊಸ ಬಲೆ ಹೆಣೆಯಲು ಕಣ್ಣಿಲ್ಲ, ನೈಲಾನ್ ದಾರ ಕೈಗೆ ಹೊಂದುವುದಿಲ್ಲ. ಮಗ ಮೋಟಾರು ದೋಣಿಯಲ್ಲಿ ಹೋಗುತ್ತಾನೆ, ನೀನು ಮನೆಯಲ್ಲಿ ಬಿದ್ದಿರು ಎನ್ನುತ್ತಾನೆ. "ಈ ಬಲೆ ಭುಜದ ಮೇಲಿದ್ದರೆ ಬೆಳಗ್ಗೆ ಎದ್ದು ಸಮುದ್ರಕ್ಕೆ ಹೋಗ್ತೀನಿ ಟೀಚರಮ್ಮಾ. ಇದು ಹೋದರೆ ನಾನು ಮನೇಲಿ ಕೂರುವವನು," ಅಂದರು. ಸಿಟ್ಟಿನ ಒಂದು ಮಾತು ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಮನೆಗೆ ಬಂದು ಊಟಕ್ಕೆ ಕೂತ ಅವ್ವ ತಟ್ಟೆ ಸರಿಸಿ, "ತೊಗಟಿ ಎಲ್ಲಿ ಸಿಗತೈತಿ ಕೇಳಿದೇನು?" ಅಂದಳು.

ಕಚೇರಿಯ ಹಿಂದಿನ ಗಲ್ಲಿಯಲ್ಲಿ ನಾಟಿ ಔಷಧದ ಅಂಗಡಿಗಳ ಸಾಲೇ ಇತ್ತು. ನನಗಿನ್ನೂ ನಾಲ್ಕು ದಿನ ರಜೆ ಉಳಿದಿತ್ತು. ಸೋಮವಾರ ಹೋಗಿ ಜಾಲಿ ತೊಗಟೆ ಒಂದು ಮೂಟೆ ಬೇಕು ಅಂದೆ. ಹಲ್ಲುಪುಡಿಗೆಂದು ಹಿಡಿ ಹಿಡಿ ಮಾರುವ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮನೇಲಿ ಒಟ್ಟು ಎಷ್ಟು ಹಲ್ಲಮ್ಮಾ?" ಅಂದ. ಮೂಟೆಯನ್ನು ಸೈಕಲ್ ರಿಕ್ಷಾದಲ್ಲಿ ಹಾಕಿಕೊಂಡು ರಾಯಪುರಕ್ಕೆ ತಂದೆ.

ಶಿಬಿರದ ಅಡುಗೆಗೆ ಕಟ್ಟಿದ್ದ ಇಟ್ಟಿಗೆ ಒಲೆ ಶಾಲೆಯ ಹಿಂದೆ ಇನ್ನೂ ಹಾಗೇ ಇತ್ತು. ಪಾದ್ರಿಗಳು ಉರಿಸಿಕೊಳ್ಳಿ ಅಂದರು. ಆದರೆ ಅಡುಗೆಯವನು ತನ್ನ ದೊಡ್ಡ ಪಾತ್ರೆಯನ್ನು ಅಪ್ಪಿ ಹಿಡಿದವನಂತೆ ನಿಂತ. "ಬಲೆ ಕುದಿಸಿದ ಪಾತ್ರೆಯಲ್ಲಿ ಮುಂದೆ ಯಾರಿಗೆ ಸಾಂಬಾರ್ ಬಡಿಸಲಿ?" ಅಂದ. ಅವನದೂ ತಪ್ಪಲ್ಲ. ಇನ್ನೇನು ಮಾಡುವುದೆಂದು ನಾನು ಯೋಚಿಸುತ್ತಿರುವಾಗ ಗೇಟಿನಲ್ಲಿ ಅವ್ವ ಕಂಡಳು. ಹಿಂದೆ ಅಪ್ಪ, ಹೆಗಲ ಮೇಲೆ ತಾಮ್ರದ ಹಂಡೆ.

ಆ ಹಂಡೆ ಅವ್ವನ ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು. ಗದಗಿನಿಂದ ಮದ್ರಾಸಿಗೆ ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದಳಂತೆ. ಪ್ರತಿ ಶನಿವಾರ ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕುತ್ತಿದ್ದಳು. ಒಳಗೆ ಬಗ್ಗಿ ನೋಡಿದರೆ ನಮ್ಮ ಮುಖ ನಮಗೇ ಕೆಂಪಗೆ ಕಾಣುತ್ತಿತ್ತು.

"ಕಪ್ಪಾಗತೈತಿ ಅವ್ವಾ," ಅಂದೆ.

"ಆಗ್ಲಿ," ಅಂದಳು.

ಮೂರು ದಿನ ಕುದಿಸಿದೆವು. ತೊಗಟೆ ಜಜ್ಜುವುದು ಸ್ಟೆಲ್ಲಾ, ಒಲೆ ನನ್ನದು, ಕೋಲಿನಿಂದ ತಿರುಗಿಸುವುದು ಅವ್ವ. ತಾತ ಕಲ್ಲಿನ ಮೇಲೆ ಕೂತು ಆಗಾಗ ರಸದಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿ, "ಇನ್ನೂ ಇಲ್ಲ," ಅನ್ನುತ್ತಿದ್ದರು. ಮೇ ತಿಂಗಳ ಬಿಸಿಲು ಮೇಲೆ, ಬೆಂಕಿ ಕೆಳಗೆ. ಕೊನೆಗೊಮ್ಮೆ ಗಟ್ಟಿ ಚಹಾದ ಬಣ್ಣ ಬಂದು, ಬಾಯಿ ಒಗರಾಗಿ ಅವರು ಮುಖ ಸಿಂಡರಿಸಿದಾಗ ಬಲೆ ಇಳಿಸಿದೆವು. ಒಂದು ರಾತ್ರಿ ನೆನೆಯಬೇಕು, ನೆರಳಲ್ಲಿ ಒಣಗಬೇಕು, ಮತ್ತೆ ಹೊಸ ರಸ. ಮೊದಲ ದಿನ ಅವ್ವ ತಾತನ ಮುಖ ನೋಡದೆ ಕೆಲಸ ಮಾಡಿದಳು. ಮೂರನೆಯ ದಿನ ಅವಳೂ ಬೆರಳದ್ದಿ ನೆಕ್ಕಿ, "ಇನ್ನೂ ಇಲ್ಲೈ," ಎಂದು ತನ್ನ ತಮಿಳಿನಲ್ಲಿ ತೀರ್ಪು ಕೊಟ್ಟಳು. ತಾತ ನಕ್ಕರು. ಆ ಭಾನುವಾರದ ನಂತರ ಅವರು ನಕ್ಕದ್ದು ಅದೇ ಮೊದಲು.

ನನ್ನ ಕೈ ಮೊಣಕೈವರೆಗೆ ಕಂದಾಯಿತು. ಕಚೇರಿಗೆ ಮರಳಿದ ದಿನ ನಮ್ಮ ಸೂಪರಿಂಟೆಂಡೆಂಟರು, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡದ ಆಚಾರ್ಯರು, ಟೈಪ್‌ರೈಟರಿನ ಮೇಲೆ ಬಗ್ಗಿ ನೋಡಿ, "ಏನಮ್ಮಾ, ಲೀವಿನಲ್ಲಿ ಕಲ್ಯಾಣ ಮುಗಿಸಿಬಿಟ್ಟಿಯಾ? ಒಂದು ವಾರ್ತೆ ಸೊಲ್ಲಲಿಲ್ಲವೇ! ಮದರಂಗಿ ಪ್ರಮಾದವಾಗಿ ಹಿಡಿದಿದೆ," ಅಂದರು. ಅರ್ಧ ತಮಿಳಾದ ಅವರ ಕನ್ನಡದಲ್ಲಿ ವಾರ್ತೆ ಸೊಲ್ಲುವುದೆಂದರೆ ಒಂದು ಮಾತು ತಿಳಿಸುವುದು, ಪ್ರಮಾದವೆಂದರೆ ಸೊಗಸು. ಮೀನಿನ ಬಲೆ ಅನ್ನಲು ಧೈರ್ಯವಾಗದೆ, ಚರ್ಚಿನ ಕೆಲಸ ಸಾರ್ ಅಂದೆ.

ಅದರ ಹಿಂದಿನ ಬೆಳಗ್ಗೆ ತಾತ ನಮ್ಮನ್ನು ಸಮುದ್ರಕ್ಕೆ ಕರೆದಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಲೆ ಬೀಸಿದರು. ನಾಟಕದ ದಿನ ವೇದಿಕೆಯ ಮೇಲೆ ಕಂಡಿದ್ದ ಆ ದುಂಡು, ನೀರಿನ ಮೇಲೆ ಇನ್ನೂ ದೊಡ್ಡದಾಗಿ ಬಿಚ್ಚಿತು. ಎಳೆದರೆ ಒಳಗೆ ಏನೂ ಇರಲಿಲ್ಲ. ಮತ್ತೆ ಬೀಸಿದರು, ಒಂದು ಏಡಿ. "ನಾಟಕದಲ್ಲಿ ಎರಡನೇ ಸಲಕ್ಕೇ ತುಂಬಿತ್ತು," ಎಂದು ಸ್ಟೆಲ್ಲಾ ನನ್ನನ್ನು ಕೆಣಕಿದಳು. ಬಲೆ ಉಳಿಯಿತೇ ಎಂದು ನಾನು ಕೇಳಿದೆ. ಈಗಲೇ ಹೇಳಲಾಗದು ಅಂದರು ತಾತ. ಸೋಡ ದಾರದ ಒಳಗನ್ನು ತಿಂದಿದೆಯೋ ಇಲ್ಲವೋ, ಮದ್ರಾಸಿಗೆ ಮಳೆ ಬರುವ ಅಕ್ಟೋಬರಿನ ಹೊತ್ತಿಗೆ ತಿಳಿಯುತ್ತದೆ. ತಿಂಗಳಿಗೊಮ್ಮೆ ಮತ್ತೆ ರಸ ಕುಡಿಸಬೇಕು, ಅಲ್ಲಿಯವರೆಗೆ ಹಂಡೆ ಇಟ್ಟುಕೊಳ್ಳಲೇ ಎಂದು ಕೇಳಿದರು. ಅವ್ವ ತಲೆಯಾಡಿಸಿದಳು.

ಆರೇಳು ತಿಂಗಳು ನಾವು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದೆವು. ನಾನು ಪ್ಯಾರೀಸ್ ಕಾರ್ನರಿನಿಂದ ಎರಡು ಸಲ ತೊಗಟೆ ತಂದು ಕೇರಿಯಲ್ಲಿ ಕೊಟ್ಟು ಬಂದೆ. ಆಮೇಲೆ ಮಳೆ ಹಿಡಿಯಿತು, ಕೇರಿಗೆ ನೀರು ನುಗ್ಗಿತು, ಹೋಗಲಾಗಲಿಲ್ಲ. ಅವ್ವ ಬಾಯಿ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಆದರೆ ರಾಯಪುರದ ಮಾರುಕಟ್ಟೆಯಲ್ಲಿ, ಎಂದೂ ಕಾಲಿಡದ ಮೀನಿನ ಸಾಲಿನ ತುದಿಯಲ್ಲಿ ನಿಂತು ಅವಳು ಮುದುಕರ ಮುಖಗಳನ್ನು ನೋಡುತ್ತಿದ್ದುದನ್ನು ನಾನೇ ಕಂಡೆ.

ಕ್ರಿಸ್‌ಮಸ್ಸಿಗೆ ಒಂದು ವಾರವಿರುವಾಗ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಸ್ಟೆಲ್ಲಾ, ತಲೆಯ ಮೇಲೆ ಹಂಡೆ. ಹಿಂದೆ ತಾತ, ಭುಜದ ಮೇಲೆ ಒದ್ದೆ ಬಲೆ, ಮೊದಲಿನದೇ ಕಂದು, ಮೊದಲಿನದೇ ನಾತ. ಹಂಡೆಯನ್ನು ಹೊರಗಡೆ ಹುಣಸೆ ಹಾಕಿ ತಿಕ್ಕಿ ಫಳಫಳ ಹೊಳೆಸಿದ್ದರು. ಇಳಿಸಿದಾಗ ಒಳಗೆ ಬಾಳೆಲೆಯ ಮೇಲೆ ನಾಲ್ಕು ಮೀನುಗಳು, ಇನ್ನೂ ಕಿವಿರು ಆಡಿಸುತ್ತಿದ್ದವು.

"ಬರಿದಾಗಿ ಕೊಡಬಾರದು ಅಲ್ವಾ ಅಮ್ಮಾ?" ಅಂದರು ತಾತ. "ಈ ಬೆಳಗಿನದು. ಇದೇ ಬಲೆ."

ಅವ್ವ ಆ ಮೀನುಗಳನ್ನು ನೋಡುತ್ತಾ ಅತ್ತಳು. ಅಪ್ಪ ತೀರಿಕೊಂಡಾಗ ಬಿಟ್ಟರೆ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ಆವತ್ತು ನಮ್ಮ ಮನೆಯಲ್ಲಿ ಮೊದಲ ಸಲ ಮೀನು ಬೆಂದಿತು. ಹೇಗೆ ಮಾಡಬೇಕೆಂದು ಸ್ಟೆಲ್ಲಾ ಅಡುಗೆಮನೆಯ ಹೊಸಿಲಲ್ಲಿ ಕೂತು ಹೇಳಿಕೊಟ್ಟಳು. ಉಪ್ಪು ಹೆಚ್ಚಾಗಿತ್ತು.

ಅವರು ಹೋದ ಮೇಲೆ ನಾನು ಹಂಡೆಯನ್ನು ಬಚ್ಚಲಿಗೆ ಒಯ್ದೆ. ಒಳಗೆ ಕುತ್ತಿಗೆಯವರೆಗೆ ಕಪ್ಪು, ಮುಖ ಕಾಣುವ ಮಾತೇ ಇರಲಿಲ್ಲ. ಹುಣಸೆಹಣ್ಣು ನೆನೆಸಿ, ತೆಂಗಿನ ನಾರು ಕೈಗೆ ತೆಗೆದುಕೊಂಡು ಕೂತೆ. ಅವ್ವ ಬಂದು ನಾರನ್ನು ಕಿತ್ತುಕೊಂಡಳು.

"ಒಳಗ ತಿಕ್ಕಬ್ಯಾಡವಾ," ಅಂದಳು. "ಅದು ಹೊಲಸಲ್ಲ."

ಅವಳು ಇರುವವರೆಗೂ ಅದನ್ನು ಯಾರೂ ಒಳಗೆ ತಿಕ್ಕಲಿಲ್ಲ. ನಮ್ಮ ಸ್ನಾನದ ನೀರು ಕೊನೆಯವರೆಗೂ ತುಸು ಒಗರಾಗಿ, ಜಾಲಿ ತೊಗಟೆಯ ವಾಸನೆ ಬೀರುತ್ತಿತ್ತು.